ಊರು ಬದಲಾದಾಗ ದೇಹ-ಮನಸ್ಸುಗಳ ಪಾಲನೆ

ಉದ್ಯೋಗಕ್ಕಾಗಿ ಕಲಬುರಗಿಯ ಕಡೆಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರಲ್ಲಿ ನಿದ್ರಾಹೀನತೆ, ಅಜೀರ್ಣ, ಕೆಲಸದಲ್ಲಿ ನಿರುತ್ಸಾಹಗಳನ್ನು ನಾವು ಆಗಾಗ ಕಾಣುತ್ತೇವೆ. ಇದು ಮನೋದೌರ್ಬಲ್ಯವಲ್ಲ. ಹವೆ, ಆಹಾರ, ನಿದ್ರೆಯ ವೇಳೆ, ಒಡನಾಟಗಳೆಲ್ಲ ಒಮ್ಮೆಗೇ ಬದಲಾದಾಗ ವಾತವು ಪ್ರಕೋಪಗೊಳ್ಳುತ್ತದೆ.

ಹಳೆಯ ಅಭ್ಯಾಸವನ್ನು ಬಿಡುವಾಗಲೂ ಹೊಸದನ್ನು ಹಿಡಿಯುವಾಗಲೂ ಕಾಲುಕಾಲು ಭಾಗವಾಗಿ ಸಾಗಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ಉಪದೇಶಿಸುತ್ತದೆ. ಆದ್ದರಿಂದ ದೇಹಕ್ಕೆ ಒಗ್ಗಿದ ಜೋಳದ ರೊಟ್ಟಿಯನ್ನು ಒಂದು ಹೊತ್ತಿಗಾದರೂ ಉಳಿಸಿಕೊಂಡು, ಅನ್ನವನ್ನು ಕ್ರಮೇಣ ಹೆಚ್ಚಿಸಬೇಕು. ಊಟ, ನಿದ್ರೆಗಳ ವೇಳೆ ನಿಶ್ಚಿತವಾಗಿರಲಿ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕುವುದು ಹಿತಕರ.

ಎರಡು ವಾರಗಳಾದರೂ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಕ್ಷಣವೂ ತಡಮಾಡದೆ ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಊರಿನಲ್ಲಿರುವ ಹಿರಿಯರೂ ಸಂಬಳವನ್ನು ಕೇಳುವ ಮೊದಲು ಮಕ್ಕಳ ಊಟ, ನಿದ್ರೆಗಳನ್ನು ವಿಚಾರಿಸಲಿ.