ಕಂಬಳಿಯ ಬೆಲೆ: ತಪ್ಪು ಕಲ್ಪನೆ ಮತ್ತು ಸತ್ಯ

ಕನಕ ಜಯಂತಿ ಬಂತೆಂದರೆ ವೇದಿಕೆಯ ಮೇಲಿನ ಗಣ್ಯರ ಹೆಗಲಿಗೆ ಕರಿ ಕಂಬಳಿ ಏರುತ್ತದೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಂತೂ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಅದೇ ಕಂಬಳಿಯನ್ನು ನೇಕಾರರಿಂದ ಕೊಳ್ಳುವಾಗ ಮಾತ್ರ ಅರ್ಧಕ್ಕರ್ಧ ಚೌಕಾಸಿ ನಡೆಯುತ್ತದೆ. ಬೆಲೆಯ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳೇ ಇದಕ್ಕೆ ಕಾರಣ.

ತಪ್ಪು ಕಲ್ಪನೆ: ಕುರಿ ಮನೆಯದು, ಉಣ್ಣೆ ಬಿಟ್ಟಿ, ಕಂಬಳಿಗೆ ಅಷ್ಟೊಂದು ದರ ಯಾಕೆ?

ಸತ್ಯ: ಕಂಬಳಿಗೆ ಉಣ್ಣೆ ಕೊಡುವ ದಖನಿ ತಳಿಯ ಕುರಿಗೆ ಉಣ್ಣೆ ಕಡಿಮೆ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕೆ.ಜಿ. ಸಿಗುವುದಿಲ್ಲ. ಹಾಗಾಗಿ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಬೇಕು. ಆದರೂ ಬೆಲೆಯ ದೊಡ್ಡ ಪಾಲು ಉಣ್ಣೆಯದಲ್ಲ, ದುಡಿಮೆಯದು. ಕಸ ಆರಿಸಬೇಕು, ಹಿಂಜಬೇಕು, ರಾಟೆಯಲ್ಲಿ ನೂಲಬೇಕು. ನೂಲುವ ಕೆಲಸ ಹೆಚ್ಚಾಗಿ ಹೆಂಗಸರದು. ಹುಣಸೆ ಬೀಜದಿಂದ ಮಾಡಿದ ಗಂಜಿಯನ್ನು ಬಿಗಿದು ಕಟ್ಟಿದ ಹಾಸಿನ (ಉದ್ದ ಎಳೆಗಳ) ಮೇಲೆ ಕುಂಚದಿಂದ ಸವರಿ ಒಣಗಿಸಬೇಕು. ಗಂಜಿ ಕುಡಿಯದ ಎಳೆ ಮಗ್ಗದಲ್ಲಿ ನೂರೆಂಟು ಸಲ ತುಂಡಾಗುತ್ತದೆ. ಲಾಳಿ ಓಡುವುದು ಇಷ್ಟೆಲ್ಲ ಆದ ಮೇಲೆ.

ತಪ್ಪು ಕಲ್ಪನೆ: ಮೈಗೆ ಚುಚ್ಚುವ ಕಂಬಳಿ ಕಳಪೆ ಮಾಲು.

ಸತ್ಯ: ದಖನಿ ಕುರಿಯ ಉಣ್ಣೆಯೇ ಒರಟು, ಅದರಲ್ಲಿ ಕೂದಲಿನಂಥ ಎಳೆಗಳೂ ಬೆರೆತಿರುತ್ತವೆ. ಮಳೆ, ಚಳಿ, ಮುಳ್ಳುಕಂಟಿಯ ನಡುವೆ ಕುರಿಗಾಹಿಯ ಜೊತೆ ಕಂಬಳಿ ವರ್ಷಗಟ್ಟಲೆ ಬಾಳುವುದು ಆ ಒರಟುತನದಿಂದಲೇ.

ತಪ್ಪು ಕಲ್ಪನೆ: ಜಾತ್ರೆಯಲ್ಲಿ ಇದೇ ತರಹದ್ದು ಕಾಲು ಬೆಲೆಗೆ ಸಿಗುತ್ತದೆ.

ಸತ್ಯ: ನೋಡಲು ಒಂದೇ ತರಹ ಇರಬಹುದು, ನೂಲು ಬೇರೆ. ಹಾಸಿನಿಂದೊಂದು, ಹೊಕ್ಕಿನಿಂದೊಂದು (ಅಡ್ಡ ಎಳೆಗಳಿಂದ) ಎಳೆ ಕಿತ್ತು ಬೆಂಕಿ ತಾಗಿಸಿದರೆ ಗೊತ್ತಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಎಂಬ ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ನೂಲಷ್ಟೇ ಅಲ್ಲ, ಮಗ್ಗವನ್ನೂ ನೋಡಬೇಕು: 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೇ ಮೀಸಲಾದ 11 ಬಗೆಯ ವಸ್ತುಗಳಲ್ಲಿ ಕಂಬಳಿಯೂ ಒಂದು. ಅಸಲಿ ಕೈಮಗ್ಗದ ಸರಕನ್ನು ಗುರುತಿಸಲು 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಇದೆ.

ತಪ್ಪು ಕಲ್ಪನೆ: ದರ ಇಳಿಸಿದರೆ ವ್ಯಾಪಾರ ಕುದುರುತ್ತದೆ, ನೇಕಾರರಿಗೇ ಲಾಭ.

ಸತ್ಯ: ಇದು ಮಾರುವವರಲ್ಲೂ ಇರುವ ನಂಬಿಕೆ. ಒಂದು ಲೆಕ್ಕ ಹಾಕಿ ನೋಡಬಹುದು. ನೂಲುವುದರಿಂದ ನೇಯುವವರೆಗೆ ಆರು ಆಳಿನ ಕೆಲಸ, ಆಳಿಗೆ ₹400 ಕೂಲಿ ಎಂದಿಟ್ಟುಕೊಂಡರೆ ₹2,400. ಉಣ್ಣೆ, ಗಂಜಿ, ಸಾಗಣೆಗೆ ₹300 ಸೇರಿದರೆ ₹2,700. ಇದನ್ನು ₹1,500ಕ್ಕೆ ಕೊಟ್ಟರೆ ಮೂರು ಆಳಿನ ಕೂಲಿ ಕೈಬಿಟ್ಟಂತೆ. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ. ನೂಲುವವರು ಮನೆಯವರೇ ಆದ್ದರಿಂದ ಅವರ ಕೂಲಿ ಲೆಕ್ಕಕ್ಕೇ ಬರುವುದಿಲ್ಲ; ಲೆಕ್ಕ ತಪ್ಪುವುದು ಅಲ್ಲಿಯೇ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಕಂಬಳಿಗೆ ಹೆಸರಾದ ಊರುಗಳ ನೇಕಾರರು ನೂಲುವವರ ಕೂಲಿಯನ್ನೂ ಸೇರಿಸಿಯೇ ದರ ಹೇಳಬೇಕು. ಉಣ್ಣೆ ಎಲ್ಲಿಯದು, ನೂಲು ಕೈಯಿಂದ ನೂತದ್ದೇ, ತೂಕ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಂಬಳಿಗೆ ಹೊಲಿದು ಕೊಟ್ಟರೆ, ಕೊಳ್ಳುವವರಿಗೆ ಹಣ ಯಾವುದಕ್ಕೆ ಕೊಡುತ್ತಿದ್ದೇವೆಂದು ತಿಳಿಯುತ್ತದೆ. ಜಯಂತಿ, ಸನ್ಮಾನಗಳಿಗೆ ಸಗಟು ಬೇಕಾದವರು ತಿಂಗಳುಗಳ ಮೊದಲೇ ಮುಂಗಡ ಕೊಟ್ಟು ನೇಯಿಸಿಕೊಳ್ಳುವುದು ಇಬ್ಬರಿಗೂ ಅನುಕೂಲ.