ಕುಂಡದ ಬಳ್ಳಿಗೆ ಎರೆಮಣ್ಣು ಬೇಡ

ಬಾಗಲಕೋಟೆ, ಹುನಗುಂದ, ಇಳಕಲ್ ಭಾಗದ ಮನೆಗಳ ಪಡಸಾಲೆಯಲ್ಲಿ ಮನಿ ಪ್ಲಾಂಟ್ ಬಳ್ಳಿ ಈಗ ಸಾಮಾನ್ಯ. ಕುಂಡ ಬದಲಿಸಿದ ಕೆಲವೇ ವಾರಗಳಲ್ಲಿ ಎಲೆ ಹಳದಿಯಾಗಿ ಬಳ್ಳಿ ಸಾಯುವುದುಂಟು. ನೀರು ಸಾಲಲಿಲ್ಲವೆಂದು ಮತ್ತಷ್ಟು ಸುರಿಯುತ್ತಾರೆ. ತಪ್ಪು ಹೆಚ್ಚಾಗಿ ಹೊಲದಿಂದ ತಂದು ತುಂಬಿದ ಎರೆಮಣ್ಣಿನದು.

ಹಿಂಗಾರಿ ಜೋಳ, ಕಡಲೆಗೆ ತೇವ ಹಿಡಿದಿಡುವ ಗುಣವೇ ಕುಂಡದಲ್ಲಿ ದೋಷವಾಗುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬಿದಾಗ ಗಾಳಿಯಾಡುವ ಸಂದುಗಳು ಮುಚ್ಚಿ ಬೇರು ಕೊಳೆಯುತ್ತದೆ. ಒಣಗಿದಾಗ ಬಿರುಕು ಬಿಟ್ಟು ಎಳೆಯ ಬೇರು ಹರಿಯುತ್ತದೆ. ಕೆಸು, ಸುವರ್ಣಗಡ್ಡೆಯ ಕುಟುಂಬದ ಈ ಬಳ್ಳಿ ಮಳೆಕಾಡಿನಲ್ಲಿ ಮರ ಹತ್ತುವಂಥದು. ಬೇರಿಗೆ ತೇವದಷ್ಟೇ ಗಾಳಿಯೂ ಬೇಕು.

ಆದ್ದರಿಂದ ಬಾದಾಮಿ ಕಡೆಯ ಮಸಾರಿ ಮಣ್ಣು 2 ಪಾಲು, ಉಸುಕು 1 ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 1 ಪಾಲು ಬೆರೆಸಬೇಕು. (ಹೊಲದ ಬದುವಿನ ಒಂದು ಬುಟ್ಟಿ ಮಣ್ಣು ಸಾಕು; ಸ್ಮಾರಕಗಳಿರುವ ಗುಡ್ಡವನ್ನು ಕೆದಕಬಾರದು.) ಹೊಸ ಕುಂಡ ಹಳೆಯದಕ್ಕಿಂತ 2 ಇಂಚು ಅಗಲವಿರಲಿ. ತಳದ ತೂತಿನ ಮೇಲೆ ಒಂದು ಹಂಚಿನ ಚೂರು ಇಡಬೇಕು. ಕಲ್ಲುಚೂರಿನ ದಪ್ಪ ಪದರ ಹಾಸುವವರಿದ್ದಾರೆ. ಅದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಸಿಗುವ ಮಣ್ಣಷ್ಟೇ ಕಡಿಮೆಯಾಗುತ್ತದೆ.

ಏಪ್ರಿಲ್–ಮೇ ಬಿಸಿಲಿನಲ್ಲಿ ಈ ಕೆಲಸಕ್ಕೆ ಕೈಹಾಕದೆ ಮೃಗಶಿರಾ ಮಳೆಯವರೆಗೆ ಕಾಯಬೇಕು. ಹಿಂದಿನ ದಿನ ನೀರುಣಿಸಿ, ಕುಂಡ ಬೋರಲು ಮಾಡಿ ತಟ್ಟಿದರೆ ಗಿಡ ಮಣ್ಣಿನ ಹೆಂಟೆಯೊಡನೆ ಹೊರಬರುತ್ತದೆ. ಕೊಳೆತ ಕರಿ ಬೇರು ಕತ್ತರಿಸಿ, ಮೊದಲಿದ್ದ ಆಳಕ್ಕೇ ನೆಡಬೇಕು. ತೂತಿನಿಂದ ಹರಿಯುವಷ್ಟು ನೀರು ಕೊಟ್ಟು ಎರಡು ವಾರ ನೆರಳಿನಲ್ಲಿಡಬೇಕು. ಮುಂದೆ ಬೆರಳು ಊರಿ ನೋಡಿ, ಒಂದು ಇಂಚು ಮಣ್ಣು ಒಣಗಿದ್ದರೆ ಮಾತ್ರ ನೀರು. ಕೊಳವೆಬಾವಿಯ ಸವುಳು ನೀರಿನಿಂದ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತಿದ್ದರೆ ಹಿಡಿದಿಟ್ಟ ಮಳೆನೀರನ್ನೇ ಹಾಕುವುದು ಒಳ್ಳೆಯದು.