ಗಡಿನಾಡಿನ ಮನೆಮಾತು

ಕಳೆದ ಶ್ರಾವಣದಲ್ಲಿ ಮುಳಬಾಗಿಲು ಕಡೆಯ ಹಳ್ಳಿಯೊಂದರಲ್ಲಿ ಪ್ರವಚನ ಮುಗಿಸಿ, ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆನು. “ನಾಳೆ ನಾವು ಕೋಲಾರಕ್ಕೆ ಹೋಗ್ತೀವಿ” ಎಂದರು ಮನೆಯ ಹಿರಿಯ ತಾಯಿ. ತನ್ನನ್ನು ಬಿಟ್ಟು ಹೋಗುವರೆಂದು ಮೊಮ್ಮಗನ ಮುಖ ಬಾಡಿತು. “ಮೇಮು ಕಾದುರಾ, ಮನಂ!” ಎಂದು ನಕ್ಕ ಆಕೆ, ಒಡನೆ ಸಂಕೋಚದಿಂದ, “ನಮ್ಮದು ಕಲಬೆರಕೆ ಮಾತು ಸ್ವಾಮಿ. ಮಗುವಿನೊಡನೆ ತೆಲುಗು ಬಿಟ್ಟುಬಿಡೋಣ ಅಂತಿದ್ದೀವಿ” ಎಂದರು.

ಕೇಳುವವನನ್ನು ಸೇರಿಸಿಕೊಂಡ ‘ನಾವು’ ತೆಲುಗಿನಲ್ಲಿ ‘ಮನಮು’. ಅವನನ್ನು ಬಿಟ್ಟ ‘ನಾವು’ ‘ಮೇಮು’. ತಮಿಳಿನಲ್ಲಿಯೂ ಇಂತಹ ಭೇದವುಂಟು. ನಮ್ಮ ಕನ್ನಡದ ‘ನಾವು’ ಎರಡಕ್ಕೂ ಒಂದೇ. ಕನ್ನಡದಲ್ಲಿಲ್ಲದ ಸೂಕ್ಷ್ಮವೊಂದನ್ನು ಆ ತಾಯಿ ನೆರೆಭಾಷೆಯಿಂದ ಪಡೆದರು. ಇದರಲ್ಲಿ ಕಲಬೆರಕೆಯೇನು?

ಹೋಲಿಕೆಯಿರುವುದೆಲ್ಲ ಸಾಲವೂ ಅಲ್ಲ. ತೆಲುಗಿನ ಪಾಲು, ಪುಲಿ ನಮ್ಮ ಹಾಲು, ಹುಲಿಗಳ ಒಡಹುಟ್ಟುಗಳು. ಹಳಗನ್ನಡದ ಪಕಾರವು ಕಾಲಾಂತರದಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಹಾಗೆಯೇ ಉಳಿಯಿತು. ಗಡಿಯ ಆಚೆ ‘ಪಲ್ಲಿ’, ಈಚೆ ‘ಹಳ್ಳಿ’ ಎನ್ನೋಣವೆಂದರೆ, ಶ್ರೀನಿವಾಸಪುರ ತಾಲ್ಲೂಕಿನೊಳಗೇ ಗೌನಿಪಲ್ಲಿ ಇದೆ!

ಭಾಷೆಗಳು ನಿಜವಾಗಿ ಬೆರೆಯುವುದು ಪದಗಳಿಗಿಂತ ಆಳದಲ್ಲಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜೈನರ ಹಾಗೂ ನಮ್ಮ ಲಿಂಗಾಯತರ ಮನೆಮಾತು ಕನ್ನಡ. ನೆರೆಯಲ್ಲಿ ಮರಾಠಿ, ಉರ್ದು, ತೆಲುಗು. ಗುಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಆ ಊರಿನ ಮಾತನ್ನು ಪರಿಶೀಲಿಸಿ 1971ರಲ್ಲಿ ಪ್ರಕಟಿಸಿದರು. ‘ಇದು ನಿಮ್ಮ ಮನೆ’ ಎಂಬುದಕ್ಕೆ ನಮಗೆ ಕ್ರಿಯಾಪದ ಬೇಡ. ಅಲ್ಲಿನ ಕನ್ನಡಿಗರಾದರೋ ಮರಾಠಿಯ ‘ಆಹೇ’ಯಂತೆ ಕೊನೆಯಲ್ಲಿ ‘ಐತಿ’ ಸೇರಿಸುತ್ತಾರೆ. ಬೀದಿಯಲ್ಲಿ ದಿನವೂ ಪರಭಾಷೆಯ ವ್ಯವಹಾರ. ಮನೆಯಲ್ಲಿ ಕುಲದ ನುಡಿ. ಶತಮಾನಗಳ ಕಾಲ ಹೀಗೆ ನಡೆದುದರಿಂದ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಯಿತು. ಪದಗಳು ಮಾತ್ರ ಅವರವರ ಮನೆಯವಾಗಿಯೇ ಉಳಿದವು. ಕನ್ನಡ ಅಳಿಯಲಿಲ್ಲ.

ನಮ್ಮ ಸಾಹಿತ್ಯವೂ ಈ ಕೊಳುಕೊಡೆಯ ಫಲವನ್ನು ಉಂಡಿದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಕನ್ನಡ ನಾಡಿನ ಅಣ್ಣನ ಚರಿತೆ ತೆಲುಗಿನಿಂದ ಕನ್ನಡಕ್ಕೆ ಬಂದಿತು! ಇನ್ನು ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು; ಅವರ ಮನೆಮಾತು ತಮಿಳು, 1983ರ ಜ್ಞಾನಪೀಠ ಪ್ರಶಸ್ತಿ ದೊರೆತದ್ದು ಕನ್ನಡ ಬರವಣಿಗೆಗೆ.

ಇದನ್ನೆಲ್ಲ ಆ ತಾಯಿಗೆ ತಿಳಿಯಹೇಳಿ, “ತೆಲುಗು ಬಿಡಿಸಬೇಡಿರಮ್ಮ, ಅದರಿಂದ ಕನ್ನಡ ಕೆಡದು” ಎಂದೆನು. ಬಳಿಕ ಬಟ್ಟಲನ್ನು ತೋರಿಸಿ, ಇದರಲ್ಲೇನಿದೆಯೆಂದು ಮಗುವನ್ನು ಕೇಳಿದೆನು. ಹಾಲು ಎನ್ನುವನೋ ಪಾಲು ಎನ್ನುವನೋ ಎಂದು ನಾನು ಕಾಯುತ್ತಿದ್ದೆ.

“ಮಿಲ್ಕ್” ಎಂದನು.